ಒಂದೇ ದನಿ, ಎರಡು ದೇಶ: ನೂರ್‌ಜಹಾನ್ ಹಾಡಿಗೆ ಬಿದ್ದ ಬೀಗ

ನನ್ನ ಫೋನಿನಲ್ಲಿ ಹಳೆಯ ಸಿನಿಮಾ ಗಾಯಕಿ ನೂರ್‌ಜಹಾನ್ ಹಾಡುಗಳದ್ದೇ ಒಂದು ಪಟ್ಟಿ ಇದೆ. ಏಳು ಹಾಡು, ಅಷ್ಟೇ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ, ದೀಪ ಆರಿಸಿ, ಸಣ್ಣ ದನಿಯಲ್ಲಿ ಹಾಕಿಕೊಂಡು ಕೇಳುವ ಹಾಡುಗಳು. 2025ರ ಮೇ ತಿಂಗಳಲ್ಲಿ ಒಂದು ರಾತ್ರಿ ಆ ಪಟ್ಟಿ ತೆರೆದರೆ ನಾಲ್ಕು ಹಾಡುಗಳ ಹೆಸರು ಮಂಕಾಗಿಹೋಗಿದ್ದವು. ಒತ್ತಿದೆ, ಮತ್ತೆ ಒತ್ತಿದೆ, ಏನೂ ಆಗಲಿಲ್ಲ. ಉಳಿದ ಮೂರು ಮಾತ್ರ ಎಂದಿನ ಹಾಗೆ ಹಾಡಿದವು.

ನೆಟ್‌ವರ್ಕ್ ಸರಿ ಇಲ್ಲವೇನೋ ಅಂದುಕೊಂಡೆ. ಆಮೇಲೆ ಗಮನಿಸಿದೆ. ಹಾಡುತ್ತಿದ್ದ ಮೂರೂ 1947ಕ್ಕೆ ಮುಂಚಿನವು, ಬಾಂಬೆಯಲ್ಲಿ ಆದವು. ಮಂಕಾಗಿದ್ದ ನಾಲ್ಕೂ ಅದರ ನಂತರದವು, ಲಾಹೋರಿನ ಕಾಲದವು. ಹಾಡಿದವಳು ಒಬ್ಬಳೇ, ಗಂಟಲು ಅದೇ. ನಡುವೆ ಯಾರೋ ಗೆರೆ ಎಳೆದಿದ್ದರು.

ಆ ಗೆರೆ ಎಲ್ಲಿಂದ ಬಂತು ಅನ್ನುವುದು ಗುಟ್ಟೇನಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ರಜೆಗೆಂದು ಹೆಂಡತಿ ಮಕ್ಕಳ ಜೊತೆ ಹೋದವರ ಶವ ವಾಪಸ್ ಬಂದ ಆ ದಿನಗಳನ್ನು ನಾವ್ಯಾರೂ ಮರೆತಿಲ್ಲ, ಮರೆಯುವ ವಿಷಯವೂ ಅಲ್ಲ. ಮೇ 8ರಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಂದು ಸಲಹಾ ಸೂಚನೆ ಹೊರಡಿಸಿತು. ಪಾಕಿಸ್ತಾನ ಮೂಲದ ವೆಬ್ ಸರಣಿ, ಸಿನಿಮಾ, ಹಾಡು, ಪಾಡ್‌ಕಾಸ್ಟ್ ಎಲ್ಲವನ್ನೂ ಕೂಡಲೇ ನಿಲ್ಲಿಸಿ ಎಂದು ಒಟಿಟಿ ಮತ್ತು ಸ್ಟ್ರೀಮಿಂಗ್ ಕಂಪನಿಗಳಿಗೆ ಹೇಳಿತು. ಹಾಡುಗಳು ಹೋದವು. ಕೆಲವು ಹಿಂದಿ ಚಿತ್ರಗಳ ಆಲ್ಬಂ ಚಿತ್ರದಿಂದ ಪಾಕಿಸ್ತಾನಿ ನಟಿಯರ ಮುಖವೂ ಹೋಯಿತು. ಆ ಕಡೆಯೂ ಇದೇ ನಡೆದಿತ್ತು. ಮೇ 1ರಿಂದಲೇ ಅಲ್ಲಿನ ಖಾಸಗಿ ಎಫ್‌ಎಂ ಕೇಂದ್ರಗಳು ಭಾರತದ ಹಾಡು ಹಾಕುವುದನ್ನು ನಿಲ್ಲಿಸಿದ್ದವು.

ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಅದು ನನ್ನೊಳಗೂ ಇತ್ತು. ನನ್ನ ಪ್ರಶ್ನೆ ಬೇರೆ. ಆ ಸೂಚನೆಯ ತೂಕವೆಲ್ಲ ಇರುವುದು "ಪಾಕಿಸ್ತಾನ ಮೂಲದ" ಎಂಬ ಮಾತಿನ ಮೇಲೆ. ಈ ಮೂಲ ಅನ್ನುವುದನ್ನು ಒಂದು ಹಾಡಿನಲ್ಲಿ ಎಲ್ಲಿ ಅಂತ ಹುಡುಕುವುದು? ಹಾಡಿದವರು ಹುಟ್ಟಿದ ಊರಿನಲ್ಲಾ, ಅವರ ಪಾಸ್‌ಪೋರ್ಟ್‌ನಲ್ಲಾ, ರೆಕಾರ್ಡಿಂಗ್ ಆದ ಸ್ಟುಡಿಯೋದಲ್ಲಾ, ಹಕ್ಕು ಇಟ್ಟುಕೊಂಡ ಕಂಪನಿಯ ಕಾಗದದಲ್ಲಾ? ಇದಕ್ಕೆ ನೂರ್‌ಜಹಾನ್ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆಕೆ ಹುಟ್ಟಿದ್ದು 1926ರಲ್ಲಿ, ಕಸೂರ್ ಎಂಬ ಊರಿನಲ್ಲಿ. ಲಾಹೋರಿನಿಂದ ಸುಮಾರು 50 ಕಿಲೋಮೀಟರ್. ನಮ್ಮ ಅಡುಗೆಮನೆಯ ಕಸೂರಿ ಮೇಥಿ ಡಬ್ಬಿಯ ಮೇಲಿರುವುದು ಇದೇ ಊರಿನ ಹೆಸರು. ಮನೆಯವರೆಲ್ಲ ಹಾಡುವವರು, ವಾದ್ಯ ನುಡಿಸುವವರು. ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಾ ವಸಾಯಿ. ಹತ್ತು ವರ್ಷ ತುಂಬುವ ಮುಂಚೆಯೇ ಅಕ್ಕಂದಿರ ಜೊತೆ ಕಲ್ಕತ್ತೆಗೆ ಹೋದಳು. ಆಗ ಸಿನಿಮಾ, ಥಿಯೇಟರ್ ಎಲ್ಲ ಅಲ್ಲೇ ಜೋರು. ಅಲ್ಲೇ ಬೇಬಿ ನೂರ್‌ಜಹಾನ್ ಎಂಬ ಹೆಸರು ಬಂತು. 1935ರಲ್ಲಿ ಕಲ್ಕತ್ತೆಯಲ್ಲಿ ತಯಾರಾದ ಪಂಜಾಬಿ ಚಿತ್ರವೊಂದರಲ್ಲಿ ಹಾಡಿ ನಟಿಸಿದಳು. ಪಂಜಾಬಿ ಸಿನಿಮಾ ಕಲ್ಕತ್ತೆಯಲ್ಲಿ! ಆ ಕಾಲದಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಲಾಹೋರಿಗೆ ಮರಳಿದ ಮೇಲೆ ಆಕೆಯನ್ನು ತಿದ್ದಿ ಬೆಳೆಸಿದವರು ಸಂಗೀತ ನಿರ್ದೇಶಕ ಮಾಸ್ಟರ್ ಗುಲಾಂ ಹೈದರ್. 1942ರ 'ಖಾನ್‌ದಾನ್' ಚಿತ್ರದಲ್ಲಿ ನಾಯಕಿಯಾದಾಗ ಆಕೆಗೆ ಹದಿನಾರು. ನಾಯಕ ಯಾರು ಗೊತ್ತಾ? ಪ್ರಾಣ್. ಮುಂದೆ ಹಿಂದಿ ಸಿನಿಮಾದ ಖಳನಾಯಕ ಅಂದ ಕೂಡಲೇ ನಮಗೆ ನೆನಪಾಗುವ ಅದೇ ಪ್ರಾಣ್. ಆ ಚಿತ್ರದ ನಿರ್ದೇಶಕ ಶೌಕತ್ ಹುಸೇನ್ ರಿಜ್ವಿಯನ್ನೇ ಆಕೆ ಮದುವೆಯಾದರು. ಅಲ್ಲಿಂದ ಬಾಂಬೆ.

ಬಾಂಬೆಯ ವರ್ಷಗಳು ತುಂಬ ಕಡಿಮೆ, ನಾಲ್ಕೈದು ಅಷ್ಟೇ. ಅಷ್ಟರಲ್ಲೇ ಆಕೆ ಮಾಡಿದ್ದು ನೋಡಿ. 1945ರ 'ಜೀನತ್' ಚಿತ್ರದಲ್ಲಿ ಜೊಹ್ರಾಬಾಯಿ ಅಂಬಾಲೆವಾಲಿ, ಕಲ್ಯಾಣಿ ಜೊತೆ ಸೇರಿ ಹಾಡಿದ ಕವ್ವಾಲಿ. ನಮ್ಮ ಸಿನಿಮಾದಲ್ಲಿ ಬರೀ ಹೆಂಗಸರೇ ಹಾಡಿದ ಮೊದಲ ಕವ್ವಾಲಿ ಅದು ಎನ್ನುತ್ತಾರೆ. ಅದೇ ವರ್ಷದ 'ಬಡೀ ಮಾ' ಚಿತ್ರದಲ್ಲಿ ಆಕೆ ನಾಯಕಿ. ಅದೇ ಚಿತ್ರದಲ್ಲಿ ಒಂದು ಸಣ್ಣ ಪಾತ್ರ ಮಾಡಿದ, ಮನೆ ನಡೆಸಲು ದುಡಿಯುತ್ತಿದ್ದ ಹುಡುಗಿ ಲತಾ ಮಂಗೇಶ್ಕರ್. 1946ರಲ್ಲಿ ಮೆಹಬೂಬ್ ಖಾನ್ ಅವರ 'ಅನ್‌ಮೋಲ್ ಘಡಿ', ನೌಶಾದ್ ಸಂಗೀತ. 1947ರಲ್ಲಿ ದಿಲೀಪ್ ಕುಮಾರ್ ಜೊತೆ 'ಜುಗ್ನು', ಅದರಲ್ಲಿ ಇನ್ನೂ ಹೊಸಬರಾಗಿದ್ದ ಮೊಹಮ್ಮದ್ ರಫಿ ಜೊತೆ ಯುಗಳ ಗೀತೆ.

'ಅನ್‌ಮೋಲ್ ಘಡಿ'ಯ "ಆವಾಜ್ ದೇ ಕಹಾಂ ಹೈ" ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಹಳೆಯ ಗ್ರಾಮಫೋನ್ ತಟ್ಟೆಯ ಕರಕರ ಸದ್ದಿನ ನಡುವೆ ಆ ದನಿ ಏಳುತ್ತದೆ. "ಆವಾಜ್" ಎಂಬ ಪದವನ್ನು ಆಕೆ ಸುಮ್ನೆ ಉಚ್ಚರಿಸುವುದಿಲ್ಲ. ಎರಡನೇ ಅಕ್ಷರವನ್ನು ಹಿಡಿದು ಸ್ವಲ್ಪ ಎಳೆದು, ಎದೆಯಿಂದ ಗಾಳಿ ಕೊಟ್ಟು, ಕೊನೆಯ ಅಕ್ಷರ ಬರುವ ಹೊತ್ತಿಗೆ ದನಿಯನ್ನು ಅರ್ಧ ಇಳಿಸುತ್ತಾರೆ. ದೂರದಲ್ಲಿರುವವರನ್ನು ಕೂಗುವಾಗ ನಾವು ಮಾಡುವುದೂ ಅದನ್ನೇ ಅಲ್ವಾ? ತೋಟದಾಚೆ ಇರುವವರನ್ನು ಕರೆಯುವಾಗ ಹೆಸರಿನ ನಡುವಿನ ಅಕ್ಷರವನ್ನು ಎಳೆಯುತ್ತೇವೆ. ಆ ಕೂಗನ್ನು ಆಕೆ ರಾಗದೊಳಗೆ ತಂದಿದ್ದಾರೆ. ತುಂಬು ಕಂಠ, ಅಲ್ಲಲ್ಲಿ ಪಂಜಾಬಿನ ಜನಪದ ಹಾಡಿನ ಸಣ್ಣ ಸಣ್ಣ ಮುರ್ಕಿ (ದನಿಯ ಚುರುಕಾದ ತಿರುವು), ಒಂದು ಅಕ್ಷರವೂ ಮಸುಕಾಗದ ಉಚ್ಚಾರಣೆ. ಲತಾ ಅವರ 1949ರ ಆಸುಪಾಸಿನ ಹಾಡುಗಳನ್ನು ಇದರ ಪಕ್ಕದಲ್ಲೇ ಇಟ್ಟು ಕೇಳಿದರೆ ನೂರ್‌ಜಹಾನ್ ನೆರಳು ಎಷ್ಟಿದೆ ಅಂತ ಯಾರಿಗಾದರೂ ತಿಳಿಯುತ್ತದೆ. ಲತಾ ಇದನ್ನು ಎಂದೂ ಮುಚ್ಚಿಡಲಿಲ್ಲ. 1948ರ 'ಮಜ್‌ಬೂರ್' ಚಿತ್ರದಲ್ಲಿ ಲತಾಗೆ ಮೊದಲ ದೊಡ್ಡ ಅವಕಾಶ ಕೊಟ್ಟವರೂ ಅದೇ ಗುಲಾಂ ಹೈದರ್. ಒಬ್ಬ ಗುರು ಇಬ್ಬರನ್ನು ಕೊಟ್ಟರು, ಒಬ್ಬರು ಇಲ್ಲಿ ಉಳಿದರು, ಇನ್ನೊಬ್ಬರು ಅಲ್ಲಿಗೆ ಹೋದರು. ಗುರು ಕೂಡ ಲಾಹೋರಿಗೇ ಹೋಗಿ 1953ರಲ್ಲಿ ತೀರಿಕೊಂಡರು.

ದೇಶ ಒಡೆದಾಗ ನೂರ್‌ಜಹಾನ್ ಗಂಡನ ಜೊತೆ ಪಾಕಿಸ್ತಾನಕ್ಕೆ ಹೊರಟರು. ಹಿಂದಿ ಚಿತ್ರರಂಗದ ತುತ್ತತುದಿಯಲ್ಲಿದ್ದಾಗ. ಲಾಹೋರಿನಲ್ಲಿ ಆಗ ಸಿನಿಮಾ ಉದ್ಯಮ ಅನ್ನುವುದು ಹೆಚ್ಚುಕಡಿಮೆ ಬೂದಿಯಾಗಿತ್ತು. ದಂಪತಿ ಶಾಹ್‌ನೂರ್ ಸ್ಟುಡಿಯೋ ಕಟ್ಟಿದರು. 1951ರ 'ಚನ್‌ವೇ' ಚಿತ್ರಕ್ಕೆ ನಿರ್ದೇಶಕಿಯಾಗಿ ಆಕೆಯ ಹೆಸರೇ ಬಂತು. ಪಾಕಿಸ್ತಾನದಲ್ಲಿ ಸಿನಿಮಾ ನಿರ್ದೇಶಿಸಿದ ಮೊದಲ ಹೆಂಗಸು ಆಕೆ. 1952ರ 'ದುಪಟ್ಟಾ' ಚಿತ್ರದ "ಚಾಂದನೀ ರಾತೇಂ" ಹಾಡನ್ನಂತೂ ಗಡಿಯ ಈಚೆಯೂ ಜನ ಹುಚ್ಚು ಹಿಡಿದವರ ಹಾಗೆ ಕೇಳಿದರು. ಆಮೇಲೆ ಮೊದಲ ಮದುವೆ ಮುರಿಯಿತು. 1959ರಲ್ಲಿ ನಟ ಎಜಾಜ್ ದುರ್ರಾನಿ ಜೊತೆ ಎರಡನೇ ಮದುವೆ. ನಟನೆ ಬಿಡುವಂತೆ ಆತನೇ ಒತ್ತಾಯಿಸಿದ ಎನ್ನುತ್ತಾರೆ. 1960ರ ದಶಕದ ಶುರುವಿನಲ್ಲಿ ಆಕೆ ತೆರೆಯಿಂದ ಸರಿದು ಪೂರ್ತಿ ಹಿನ್ನೆಲೆ ಗಾಯಕಿಯಾದರು.

ಮೂವತ್ತೈದರ ಆಸುಪಾಸು. ಆರು ಮಕ್ಕಳ ತಾಯಿ ಆಗಬೇಕಾಗಿದ್ದ ಬದುಕು, ತಾನೇ ನಾಯಕಿಯಾಗಿದ್ದ ಕಡೆ ಈಗ ಹೊಸ ಹುಡುಗಿಯರ ತುಟಿಗೆ ದನಿ ಕೊಡುವ ಕೆಲಸ. ಬೇರೆಯವರಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆಕೆ ಅದಾದ ಮೇಲೆ ಇನ್ನೂ ಮೂರು ದಶಕಕ್ಕಿಂತ ಜಾಸ್ತಿ ಹಾಡಿದರು. 1962ರ 'ಕೈದಿ' ಚಿತ್ರಕ್ಕೆ ಫೈಜ್ ಅಹ್ಮದ್ ಫೈಜ್ ಅವರ "ಮುಝ್‌ಸೇ ಪೆಹಲೀ ಸೀ ಮೊಹಬ್ಬತ್" ನಜ್ಮ್ ಹಾಡಿದರು, ಸಂಗೀತ ರಶೀದ್ ಅತ್ರೆ ಅವರದು. ಆ ಕವಿತೆ ಇನ್ನು ನನ್ನದಲ್ಲ, ನೂರ್‌ಜಹಾನ್‌ದು ಎಂದು ಫೈಜ್ ಹೇಳುತ್ತಿದ್ದರಂತೆ. 1970ರ 'ಹೀರ್ ರಾಂಝಾ' ಪಂಜಾಬಿ ಚಿತ್ರದ ಹಾಡುಗಳು, ಆಮೇಲೆ ಎಂಬತ್ತರ ದಶಕದಲ್ಲಿ ಪಂಜಾಬಿ ಮಾಸ್ ಸಿನಿಮಾಗಳ ಭರಾಟೆಯಲ್ಲಿ ಲೆಕ್ಕವಿಲ್ಲದಷ್ಟು. ಎಲ್ಲವೂ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಆ ಕಾಲದ ಎಷ್ಟೋ ಹಾಡುಗಳಲ್ಲಿ ಮಟ್ಟು ತೆಳ್ಳಗಿದೆ, ಸಾಹಿತ್ಯ ಇನ್ನೂ ತೆಳ್ಳಗಿದೆ. ದನಿ ಮಾತ್ರ ತನ್ನ ಕೆಲಸ ಮಾಡುತ್ತದೆ. ಮಲಿಕಾ-ಎ-ತರನ್ನುಮ್, ಅಂದರೆ ಗಾಯನದ ಮಹಾರಾಣಿ, ಎಂಬ ಬಿರುದು ಅಲ್ಲಿನವರ ಬಾಯಲ್ಲಿ ಆಕೆಯ ಹೆಸರಿನ ಭಾಗವೇ ಆಗಿಹೋಯಿತು.

ಈಗ ಕಷ್ಟದ ಭಾಗಕ್ಕೆ ಬರೋಣ, ಯಾಕೆಂದರೆ ಅದನ್ನು ಬಿಟ್ಟು ಆಕೆಯ ಪರ ಮಾತಾಡುವುದು ಪ್ರಾಮಾಣಿಕವಲ್ಲ.

1965ರ ಯುದ್ಧದಲ್ಲಿ ನೂರ್‌ಜಹಾನ್ ಪಾಕಿಸ್ತಾನದ ಸೈನಿಕರಿಗಾಗಿ ಹಾಡಿದರು. ಲಾಹೋರಿನ ರೇಡಿಯೋ ಕೇಂದ್ರದಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ಒಂದರ ಹಿಂದೆ ಒಂದು ಹಾಡು. "ಏ ಪುತ್ತರ್ ಹಟ್ಟಾಂ ತೇ ನಹೀಂ ವಿಕ್‌ದೇ" ಎಂಬ ಸೂಫಿ ತಬಸ್ಸುಮ್ ಅವರ ಹಾಡು ಇಂದಿಗೂ ಅಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಕೇಳುತ್ತದೆ. ಇಂಥ ಮಕ್ಕಳು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅದರ ಅರ್ಥ. ಹುಟ್ಟಿದ ಊರು ಕಸೂರಿನ ಮೇಲೂ ಒಂದು ಹಾಡು ಹಾಡಿದರು. ಆ ಊರು ಆಗ ಯುದ್ಧದ ಬಾಗಿಲಲ್ಲೇ ಇತ್ತು. ಪಾಕಿಸ್ತಾನದ ಟ್ಯಾಂಕುಗಳು ಆ ಕಡೆಯಿಂದಲೇ ನಮ್ಮ ಪಂಜಾಬಿನ ಖೇಮಕರಣ್ ವಲಯಕ್ಕೆ ನುಗ್ಗಿದವು. ಅಸಲ್ ಉತ್ತರ್‌ನಲ್ಲಿ ನಮ್ಮವರು ಅವನ್ನು ತಡೆದರು, ಹವಾಲ್ದಾರ್ ಅಬ್ದುಲ್ ಹಮೀದ್ ಪ್ರಾಣ ಕೊಟ್ಟದ್ದು ಅಲ್ಲೇ. ಅಂದರೆ ಗಡಿಯ ಆಚೆ ಆಕೆ ಯಾರಿಗೆ ಧೈರ್ಯ ತುಂಬುತ್ತಿದ್ದರೋ ಅವರ ಎದುರಿಗೆ ಇದ್ದದ್ದು ನಮ್ಮ ಹುಡುಗರು.

ಆಕೆ ತನ್ನ ದೇಶ ಅಂದುಕೊಂಡ ದೇಶಕ್ಕೆ ಹಾಡಿದರು. ನಮ್ಮ ಗಾಯಕರು ನಮಗೆ ಹಾಡಿದ ಹಾಗೆಯೇ. ಅದನ್ನು ನಾನು ತಪ್ಪು ಅನ್ನಲಾರೆ, ಆದರೆ ಆ ಹಾಡುಗಳನ್ನು ನಾನು ಕೇಳುವುದೂ ಇಲ್ಲ. ನನ್ನ ಪಟ್ಟಿಯಲ್ಲಿ ಅವು ಎಂದೂ ಇರಲಿಲ್ಲ. ಯಾವುದನ್ನು ಕೇಳಬೇಕು, ಯಾವುದನ್ನು ಬೇಡ ಅನ್ನಬೇಕು ಅಂತ ಕೇಳುವವರಿಗೆ ಗೊತ್ತಿರುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಆ ಯುದ್ಧ ಮುಗಿದು ಹದಿನೇಳು ವರ್ಷಕ್ಕೆ, 1982ರಲ್ಲಿ, ಆಕೆ ಬಾಂಬೆಗೆ ಬಂದರು. ಟಾಕಿ ಸಿನಿಮಾಕ್ಕೆ ಐವತ್ತು ತುಂಬಿದ ನೆನಪಿನ ಕಾರ್ಯಕ್ರಮ, ಷಣ್ಮುಖಾನಂದ ಸಭಾಂಗಣ. ನಡುವೆ 1971ರ ಯುದ್ಧವೂ ಆಗಿಹೋಗಿತ್ತು. ಯುದ್ಧದ ಹಾಡು ಹಾಡಿದವಳು ಅಂತ ಅಲ್ಲಿ ಯಾರೂ ಬಾಗಿಲು ಮುಚ್ಚಲಿಲ್ಲ. ವೇದಿಕೆಗೆ ಕರೆದವರು 'ಜುಗ್ನು'ವಿನ ನಾಯಕ ದಿಲೀಪ್ ಕುಮಾರ್. ನೀವು ಎಷ್ಟು ವರ್ಷ ಬಿಟ್ಟು ಬಂದಿರೋ ಅಷ್ಟೇ ವರ್ಷ ನಾವು ನಿಮಗಾಗಿ ಕಾದಿದ್ದೇವೆ ಎಂಬ ಅರ್ಥದ ಮಾತು ಹೇಳಿ ಆಕೆಯನ್ನು ಬರಮಾಡಿಕೊಂಡರು.

ಈಗ ಮತ್ತೆ ಆ "ಮೂಲ"ದ ಪ್ರಶ್ನೆಗೆ ಬರುತ್ತೇನೆ. ಆ್ಯಪ್‌ಗೆ ದನಿ ಗೊತ್ತಾಗುವುದಿಲ್ಲ, ಅದಕ್ಕೆ ಗೊತ್ತಿರುವುದು ಹಾಡಿನ ಜೊತೆ ಬಂದ ದಾಖಲೆ ಮಾತ್ರ. ಯಾವ ಕಂಪನಿ ಹಾಕಿದ್ದು, ಯಾವ ವರ್ಷದ್ದು. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಅದರ ಮೊದಲ ಎರಡು ಅಕ್ಷರ ಸಾಮಾನ್ಯವಾಗಿ ಆ ಗುರುತು ಪಡೆದದ್ದು ಯಾವ ದೇಶದಲ್ಲಿ ಎಂದು ಹೇಳುತ್ತದೆ. 'ಅನ್‌ಮೋಲ್ ಘಡಿ' ಹಾಡುಗಳು ಭಾರತದ ಕಂಪನಿಯ ಖಾತೆಯಲ್ಲಿವೆ, ಹಾಗಾಗಿ ಉಳಿದವು. ಲಾಹೋರಿನ ಹಾಡುಗಳು ಪಾಕಿಸ್ತಾನದ ಕಂಪನಿಯ ಖಾತೆಯಲ್ಲಿದ್ದವು, ಹೋದವು. ನಮ್ಮ ಕಾಯಿದೆಯ ಪ್ರಕಾರ ರೆಕಾರ್ಡಿಂಗ್ ಮೇಲಿನ ಹಕ್ಕು 60 ವರ್ಷ. ಆ ಲೆಕ್ಕದಲ್ಲಿ 1946ರ ತಟ್ಟೆಯ ಮೇಲಿನ ಹಕ್ಕಿನ ಅವಧಿಯೇ ಮುಗಿದು ಎಷ್ಟೋ ವರ್ಷ ಆಯಿತು. ಅಷ್ಟು ಹಳೆಯ ದನಿಯ ಹಣೆಯ ಮೇಲೆ ದೇಶದ ಹೆಸರು ಬರೆಯುತ್ತಿದ್ದೇವೆ.

ಅದೇ ಕಸೂರಿನಲ್ಲಿ ಹುಟ್ಟಿದ ಇನ್ನೊಬ್ಬರನ್ನು ನೋಡಿ. ಹಿಂದೂಸ್ತಾನಿ ಗಾಯಕ ಉಸ್ತಾದ್ ಬಡೇ ಗುಲಾಂ ಅಲಿ ಖಾನ್. ದೇಶ ಒಡೆದಾಗ ಅವರೂ ಪಾಕಿಸ್ತಾನದವರೇ ಆದರು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಇಲ್ಲಿಗೆ ಬಂದು 1957ರಲ್ಲಿ ಭಾರತದ ಪೌರರಾದರು, 1968ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಒಂದೇ ಊರಿನ ಇಬ್ಬರು, ಒಬ್ಬರು ನಮ್ಮವರು, ಇನ್ನೊಬ್ಬರು ಅವರವರು. ಊರು ನೋಡಿ ಮೂಲ ಹೇಳುವುದಾದರೆ ಉಸ್ತಾದರನ್ನು ಏನು ಮಾಡೋಣ?

ನಮ್ಮ ಕಡೆಗೇ ತಾಗುವ ಹೆಸರೊಂದಿದೆ, ಹಿಂದೂಸ್ತಾನಿ ಗಾಯಕಿ ರೋಶನ್ ಆರಾ ಬೇಗಂ. ಕಲ್ಕತ್ತೆಯಲ್ಲಿ ಹುಟ್ಟಿದವರು, ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನ್ ಅವರ ಶಿಷ್ಯೆ. ಅದೇ ಖಾನ್ ಸಾಹೇಬರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರೂ ಸವಾಯಿ ಗಂಧರ್ವರ ಶಿಷ್ಯರು. ಗುರು ಪರಂಪರೆಯ ಲೆಕ್ಕದಲ್ಲಿ ರೋಶನ್ ಆರಾ ಬೇಗಂ ಹುಬ್ಬಳ್ಳಿ-ಧಾರವಾಡದವರಿಗೆ ಹತ್ತಿರದ ಬಂಧು. 'ಜುಗ್ನು' ಚಿತ್ರದಲ್ಲಿ ಅವರದೂ ಒಂದು ಹಾಡಿದೆ. 1948ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಲಾಲಾಮೂಸಾ ಎಂಬ ಪುಟ್ಟ ಊರಿನಲ್ಲಿ ಬದುಕಿದರು, 1982ರಲ್ಲಿ ತೀರಿಕೊಂಡರು. ಅವರು ಅಲ್ಲಿ ಹಾಡಿದ ಖಯಾಲುಗಳು ಕಾಗದದ ಮೇಲೆ ಪಾಕಿಸ್ತಾನ ಮೂಲದವು. ಹುಬ್ಬಳ್ಳಿಯಲ್ಲಿ ಕಿರಾಣಾ ಶೈಲಿಯ ಗಾಯನ ಕಲಿಯುತ್ತಿರುವ ಹುಡುಗಿಗೆ ಅವು ಮನೆತನದ ಆಸ್ತಿ.

ಹಾಗಾದರೆ ಏನನ್ನೂ ತಡೆಯಲೇಬಾರದಾ? ನಾನು ಹಾಗೆ ಹೇಳುತ್ತಿಲ್ಲ. ಗಡಿಯಲ್ಲಿ ಗುಂಡು ಹಾರುತ್ತಿರುವಾಗ ಆ ಕಡೆಯ ಗಾಯಕರನ್ನು ಇಲ್ಲಿ ಕರೆಸಿ ಕಛೇರಿ ಇಡಬೇಕು, ಹೊಸ ಸಿನಿಮಾದಲ್ಲಿ ಹಾಡಿಸಬೇಕು ಅಂತ ಯಾರೂ ಹಟ ಹಿಡಿಯಬೇಕಿಲ್ಲ. 2016ರಲ್ಲಿ ಉರಿ, 2019ರಲ್ಲಿ ಪುಲ್ವಾಮಾ ಆದಾಗ ಚಿತ್ರರಂಗದ ಸಂಘಗಳೇ ಪಾಕಿಸ್ತಾನಿ ಕಲಾವಿದರಿಗೆ ಕೆಲಸ ಇಲ್ಲ ಎಂದವು. ಅದು ಇಂದಿನ ಕೆಲಸದ, ಇಂದಿನ ಹಣದ ವಿಷಯ. 2023ರಲ್ಲಿ ಒಬ್ಬರು ಪೂರ್ತಿ ನಿಷೇಧವನ್ನೇ ಕೋರಿ ಬಾಂಬೆ ಹೈಕೋರ್ಟಿಗೆ ಹೋದಾಗ ಕೋರ್ಟ್ ಒಪ್ಪಲಿಲ್ಲ. ದೇಶಭಕ್ತನಾಗಲು ನೆರೆಯ ದೇಶದವರನ್ನು ದ್ವೇಷಿಸಬೇಕಿಲ್ಲ ಎಂಬ ಅರ್ಥದ ಮಾತು ತೀರ್ಪಿನಲ್ಲಿತ್ತು. ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಎರಡು ವರ್ಷ ತುಂಬುವ ಮುಂಚೆ ಪಹಲ್ಗಾಮ್ ಆಯಿತು, ಗಾಳಿ ಬದಲಾಯಿತು.

ಇಂದಿನ ಕೆಲಸ ಬೇರೆ, ನಿನ್ನೆಯ ದಾಖಲೆ ಬೇರೆ. ನೂರ್‌ಜಹಾನ್ ತೀರಿಕೊಂಡದ್ದು 2000ದ ಡಿಸೆಂಬರ್ 23ರಂದು, ಕರಾಚಿಯಲ್ಲಿ. ಆಕೆಯ 1962ರ ಹಾಡೊಂದನ್ನು ಬೆಂಗಳೂರಿನಲ್ಲಿ ಕೇಳಿದರೆ ಕಂಪನಿಗೆ ಹೋಗುವ ಕಾಸು ಎಷ್ಟು, ಆ ಹಾಡು ಇಲ್ಲಿ ಇಲ್ಲದಿದ್ದರೆ ಕಳೆದುಹೋಗುವುದು ಎಷ್ಟು, ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಬೇಕಿತ್ತು. ಒಂದು ವರ್ಷ ಹಾಕಿ, ಇಷ್ಟು ಹಳೆಯ ರೆಕಾರ್ಡಿಂಗ್‌ಗಳಿಗೆ ಇದು ಅನ್ವಯಿಸುವುದಿಲ್ಲ ಅಂತ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಐವತ್ತು ವರ್ಷ ಹಿಂದಿನವು ಅಂತ ಇಟ್ಟಿದ್ದರೂ ನೂರ್‌ಜಹಾನ್, ರೋಶನ್ ಆರಾ ಬೇಗಂ ಅವರ ಒಳ್ಳೆಯ ಕೆಲಸದ ದೊಡ್ಡ ಪಾಲು ಉಳಿಯುತ್ತಿತ್ತು. ಇದು ಕಷ್ಟದ ಕೆಲಸವೇನಲ್ಲ, ರೆಕಾರ್ಡಿಂಗ್ ವರ್ಷವೂ ಆ ದಾಖಲೆಯಲ್ಲೇ ಬರುವಂಥದ್ದು.

ಹಾಡನ್ನು ತಡೆದು ನಮಗೆ ಅಭ್ಯಾಸವೂ ಇದೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಕಾಲದಲ್ಲಿ ನಮ್ಮದೇ ಸಿನಿಮಾ ಹಾಡುಗಳು ನಮ್ಮದೇ ಆಕಾಶವಾಣಿಯಿಂದ ಹೆಚ್ಚುಕಡಿಮೆ ಮಾಯವಾದವು. ಸಿನಿಮಾ ಸಂಗೀತ ಕೀಳು ಅಭಿರುಚಿ ಎಂಬುದು ಅವರ ನಂಬಿಕೆ. ಆದರೆ ಆಗ ಜನ ಏನು ಮಾಡಿದರು? ರೇಡಿಯೋದ ಮುಳ್ಳನ್ನು ಶ್ರೀಲಂಕಾದ ರೇಡಿಯೋ ಸಿಲೋನ್ ಕೇಂದ್ರಕ್ಕೆ ತಿರುಗಿಸಿದರು. ಅದೇ ಡಿಸೆಂಬರಿನಲ್ಲಿ ಶುರುವಾದ ಅಮೀನ್ ಸಯಾನಿಯವರ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಊರೂರಲ್ಲೂ ಕೇಳಿಸಿತು. 1957ರಲ್ಲಿ ವಿವಿಧ ಭಾರತಿ ಶುರು ಮಾಡಿ ಆಕಾಶವಾಣಿ ಅದೇ ಹಾಡುಗಳನ್ನು ವಾಪಸ್ ಕರೆಯಿತು. ಈಗಿನ ಕಥೆಯೂ ಅಷ್ಟೇ. ಹೊಸ ಜನಪ್ರಿಯ ಹಾಡು ಬೇಕೆಂದವರು ಯಾವುದೋ ದಾರಿಯಲ್ಲಿ ಕೇಳಿಕೊಳ್ಳುತ್ತಾರೆ. ಕಳೆದುಹೋಗುವುದು ಹಳೆಯದು, ಸದ್ದಿಲ್ಲದ್ದು, ಅಕಸ್ಮಾತ್ ಕಿವಿಗೆ ಬಿದ್ದು ಮನಸ್ಸಿನಲ್ಲಿ ಕೂರುವಂಥದ್ದು. ಹತ್ತೊಂಬತ್ತರ ಹುಡುಗನೊಬ್ಬ ಲತಾ ಹಾಡು ಕೇಳುತ್ತಾ ಕೇಳುತ್ತಾ, ಇದು ಯಾರ ಹಾಗಿದೆ ಅಂತ ಹುಡುಕಿಕೊಂಡು ಲಾಹೋರಿನವರೆಗೆ ಹೋಗುವ ದಾರಿ ಇತ್ತಲ್ಲ, ಆ ದಾರಿ ಈಗ 1947ರಲ್ಲಿ ನಿಲ್ಲುತ್ತದೆ.

ಷಣ್ಮುಖಾನಂದದ ಆ ಸಂಜೆ ನೂರ್‌ಜಹಾನ್ ಹಾಡಿದ ಹಾಡುಗಳಲ್ಲಿ "ಆವಾಜ್ ದೇ ಕಹಾಂ ಹೈ" ಕೂಡ ಇತ್ತು. ನಾನು ಅದರ ವಿಡಿಯೋ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ದೃಶ್ಯ ಮಸುಕು, ಬಣ್ಣ ಹರಡಿಹೋಗಿದೆ. ಆಕೆಗೆ ಐವತ್ತೈದು ದಾಟಿದೆ, ದನಿ ದಪ್ಪವಾಗಿದೆ, ಇಪ್ಪತ್ತರ ಹುಡುಗಿಯ ಎತ್ತರ ಈಗ ಸಲೀಸಾಗಿ ಸಿಗುತ್ತಿಲ್ಲ. ಆದರೆ "ಆವಾಜ್" ಅನ್ನುವಾಗ ಆ ಎರಡನೇ ಅಕ್ಷರವನ್ನು ಈಗಲೂ ಅಷ್ಟೇ ಎಳೆಯುತ್ತಾರೆ. ಬಾಂಬೆಯಲ್ಲಿ ಹುಟ್ಟಿದ ಹಾಡು, ಪಾಕಿಸ್ತಾನದ ಪಾಸ್‌ಪೋರ್ಟ್ ಹಿಡಿದು ಬಂದವರು, ಮತ್ತೆ ಬಾಂಬೆಯಲ್ಲೇ, ನಮ್ಮ ಜನರ ಎದುರು ಹಾಡಿದ್ದು. ಅದನ್ನು ಯಾವ ಪಟ್ಟಿಗೆ ಸೇರಿಸುತ್ತಾರೋ ಅಂತ ಆಗಾಗ ಹೋಗಿ ನೋಡುತ್ತಿರುತ್ತೇನೆ.